ನಲವತ್ತು ಜನರ ಹ್ಯಾಗಿಸ್

ಡನ್‌ಬ್ರೇ
೧೮ ಸೆಪ್ಟೆಂಬರ್ ೧೯೫೬

ಸಭಾಸದರೇ, ಸಭೆಗೆ ಬಾರದೆ ಮನೆಯಲ್ಲೇ ಉಳಿದ ಸೋಮಾರಿಗಳೇ, ಮಾಂಸಪ್ರಿಯ ಮಹನೀಯರೇ, ಅವರನ್ನು ಸಹಿಸಿಕೊಂಡು ಬಂದ ಮಹಿಳೆಯರೇ, ಮೇಜಿನ ಕೊನೆಯಲ್ಲಿ ಕೂತು ತಟ್ಟೆ ಯಾವಾಗ ಬರುತ್ತದೆಂದು ಕತ್ತು ನೀಳ ಮಾಡಿರುವ ಹಸಿದ ಬಾಂಧವರೇ,

ಇಗೋ ಬರುತ್ತಿದ್ದಾನೆ ನಮ್ಮ ದೊರೆ. ಕಾಲಿಲ್ಲದಿದ್ದರೂ ಮೆರವಣಿಗೆಯಲ್ಲಿ ಬರುವವನು, ತಲೆಯಿಲ್ಲದಿದ್ದರೂ ನಮ್ಮ ತಲೆ ಬಾಗಿಸುವವನು. ಕುರಿಯ ಈಲಿ, ಗುಂಡಿಗೆ, ಶ್ವಾಸಕೋಶಗಳನ್ನು ಒಡಲಲ್ಲಿಟ್ಟುಕೊಂಡು, ಕುರಿಯ ಹೊಟ್ಟೆಯನ್ನೇ ಕೋಟಿನಂತೆ ತೊಟ್ಟುಕೊಂಡು ಹಬೆಯಾಡುತ್ತ ಬರುವ ಹ್ಯಾಗಿಸ್ ಮಹಾರಾಜ. ಏಳಿ, ನಿಂತು ಚಪ್ಪಾಳೆ ತಟ್ಟಿ, ಬ್ಯಾಗ್‌ಪೈಪ್ ಊದುವ ವಾಟಿಗೆ ದಾರಿ ಬಿಡಿ.

ಮಾನ್ಯ ಶ್ರೀ ಎರ್ಲೆಂಡ್ ಲೀಸ್ಕ್ ಅವರೇ, ಮೇಲಿನದು ಬರುವ ಜನವರಿ ಇಪ್ಪತ್ತೈದರಂದು, ಹ್ಯಾಗಿಸ್ ಮೇಲೆ ಪದ್ಯ ಕಟ್ಟಿದ ನಮ್ಮ ಕವಿಯ ಹುಟ್ಟುಹಬ್ಬದ ಊಟದಲ್ಲಿ ಹ್ಯಾಗಿಸ್‌ನ ಎದುರು ನಿಂತು ಕಾರ್ಯದರ್ಶಿ ಮಾಡಬೇಕೆಂದಿರುವ ಭಾಷಣದ ಕರಡು. ತಮ್ಮ ಅವಗಾಹನೆಗೆ ಕಳಿಸಿದ್ದೇನೆ. ಭಾಷಣ ಸಿದ್ಧವಿದೆ, ಹ್ಯಾಗಿಸ್ ಇಲ್ಲ. ಡನ್‌ಬ್ರೇ ಕವಿಭೋಜನ ಸಮಿತಿಯು ಸರ್ವಾನುಮತದಿಂದ ನಿರ್ಣಯಿಸಿರುವುದೇನೆಂದರೆ, ಅದನ್ನು ತಾವೇ ಮಾಡಬೇಕು, ತಾವೇ ತರಬೇಕು.

ಕಳೆದ ಜನವರಿಯಲ್ಲಿ ನಡೆದದ್ದನ್ನು ಸಮಿತಿ ಮರೆತಿದೆ. ಅಂದರೆ, ಕಾರ್ಯದರ್ಶಿಯು ಕವಿಯ ಪದ್ಯದ ನಡುವೆ ತಾನು ಕಟ್ಟಿದ ಹನ್ನೊಂದು ಪದ್ಯ ಸೇರಿಸಿ ಹೇಳಿದ್ದು, ಕೊನೆಗೆ ಚೂರಿ ಚುಚ್ಚಿದಾಗ ಹಬೆ ಏಳದೆ ಚೂರಿಯು ಕಲ್ಲುಗೋಡೆಗೆ ಹೊಡೆದ ಮೊಳೆಯಂತೆ ನಿಂತೇಬಿಟ್ಟಿದ್ದು, ಸಭೆ ಬಿದ್ದು ಬಿದ್ದು ನಕ್ಕಿದ್ದು, ತಾವು ಅಡುಗೆಮನೆ ಬಾಗಿಲಲ್ಲಿ ನಿಂತು "ನನ್ನ ತಪ್ಪಲ್ಲ ಕಣ್ರಯ್ಯ, ಅವನ ಪದ್ಯ ಮುಗಿಯೋ ಹೊತ್ತಿಗೆ ಆ ಕುರಿ ಎರಡನೇ ಸಲ ಸತ್ತಿತ್ತು" ಎಂದದ್ದು, ಇವೆಲ್ಲವನ್ನೂ ಸಮಿತಿ ಪೂರ್ತಿಯಾಗಿ ಮರೆತಿದೆ. ಅದಕ್ಕೆ ಕಾರ್ಯದರ್ಶಿಯು "ಓಟ್ಸ್ ಗಿಡಿದು ತುಂಬಿದ್ರೆ ಹ್ಯಾಗಿಸ್ ಆಗಲ್ಲ, ಇಟ್ಟಿಗೆ ಆಗುತ್ತೆ" ಎಂದದ್ದನ್ನೂ ಮರೆತಿದೆ.

ತಾವು ಏಪ್ರಿಲ್‌ನಲ್ಲಿ ಮಂಡಿನೋವೆಂದು ಮಾಂಸದಂಗಡಿ ಮುಚ್ಚಿ, ಇಪ್ಪತ್ತೆರಡು ವರ್ಷ ಗೋಡೆಗೆ ಗೋಡೆ ತಾಗಿಸಿಕೊಂಡಿದ್ದ ಪಕ್ಕದ ಕಬ್ಬಿಣದಂಗಡಿಯವನಿಗೆ ಒಂದು ಮಾತೂ ಹೇಳದೆ, ಆರ್ಕ್ನಿ ದ್ವೀಪದ ಅಕ್ಕನ ಮನೆಗೆ ಹೋಗಿ ಕೂತದ್ದರ ಬಗ್ಗೆ ಸಮಿತಿಗೆ ಅಭಿಪ್ರಾಯವಿಲ್ಲ. ಮಂಡಿ ತಮ್ಮದು.

ಉತ್ತರದ ನಿರೀಕ್ಷೆಯಲ್ಲಿ,
ಲಾಕ್ಲನ್ ಪೆಟ್ರಿ
ಗೌರವ ಕಾರ್ಯದರ್ಶಿ


ಸ್ಟ್ರಾಮ್ನೆಸ್, ಆರ್ಕ್ನಿ
೩೦ ಸೆಪ್ಟೆಂಬರ್ ೧೯೫೬

ಗೌರವ ಕಾರ್ಯದರ್ಶಿಗಳೇ,

ತಮ್ಮ ಪತ್ರ ತಲುಪಿತು. ಓದಿದೆ. ಆಮೇಲೆ ನಾಲ್ಕು ಮಡಿಕೆ ಮಡಿಚಿ ಅಕ್ಕ ಥೋರಾಳ ಕುಂಟುಮೇಜಿನ ಕಾಲಡಿ ಇಟ್ಟೆ. ಮೇಜು ಈಗ ನೆಟ್ಟಗೆ ನಿಂತಿದೆ. ತಮ್ಮ ಬರವಣಿಗೆಯಿಂದ ಲೋಕಕ್ಕಾದ ಮೊದಲ ಉಪಕಾರ ಇದು.

ಹ್ಯಾಗಿಸ್ ಮಾಡುವುದನ್ನು ನಾನು ಬಿಟ್ಟಿದ್ದೇನೆ. ಇಲ್ಲಿ ಮೀನು ತಿನ್ನುತ್ತೇನೆ. ಬೆಳಿಗ್ಗೆ ಮೀನು, ಮಧ್ಯಾಹ್ನ ಮೀನು, ಸಂಜೆ ಮಧ್ಯಾಹ್ನದ ಮೀನು. ಒಂದು ದಿನ ಊಟಕ್ಕೆ ಕೂತವನು ಯಾಕೋ ನಿಟ್ಟುಸಿರು ಬಿಟ್ಟೆ. ಥೋರಾ ತಟ್ಟೆಯಿಂದ ತಲೆಯೆತ್ತದೆ ಹೇಳಿದಳು:

"ಜೀವಮಾನವೆಲ್ಲ ಕುರಿ ಹೊಟ್ಟೆ ಒಳಗೆ ಕೈ ಹಾಕಿದ್ದು ಸಾಲ್ದೇನೋ ನಿಂಗೆ? ಸೋಪು ಹಚ್ಚಿ ಕೈ ತೊಳ್ಕೊಂಡು ಸುಮ್ನೆ ಕೂತ್ಕೊ. ಹೊರಗೆ ಸಮುದ್ರ ಇದೆ, ಅದನ್ನ ನೋಡು."

ನೋಡುತ್ತಿದ್ದೇನೆ. ಬಹಳ ಒದ್ದೆಯಾಗಿದೆ.

ನನ್ನ ಹ್ಯಾಗಿಸ್‌ನಲ್ಲಿ ಓಟ್ಸ್ ಎಷ್ಟಿರಬೇಕೋ ಅಷ್ಟೇ ಇತ್ತು. ಸಮಿತಿ ಅದನ್ನು ಮರೆಯುವುದು ಬೇಡ, ನೆನಪಿಟ್ಟುಕೊಳ್ಳಲಿ.

ಇಂತಿ,
ಎ. ಲೀಸ್ಕ್

ಮರೆತಿದ್ದೆ: ನನ್ನ ಅಂಗಡಿಗೆ ಈಗ ಯಾರು ಬಂದಿದ್ದಾರೆ? ಯಾರೇ ಇರಲಿ, ಹಿತ್ತಲ ಬಾಗಿಲನ್ನು ಮೊದಲು ಸ್ವಲ್ಪ ಎತ್ತಿ ಆಮೇಲೆ ತಳ್ಳಬೇಕು ಎಂದು ಹೇಳಿ. ಇಲ್ಲದಿದ್ದರೆ ಅದು ತೆರೆಯುವುದಿಲ್ಲ. ನನ್ನ ಹಾಗೆ.


ಡನ್‌ಬ್ರೇ
೯ ಅಕ್ಟೋಬರ್ ೧೯೫೬

ಮಾನ್ಯ ಶ್ರೀ ಲೀಸ್ಕ್ ಅವರೇ,

ತಮ್ಮ ಅಂಗಡಿಯಲ್ಲೀಗ ರೋನಾ ಎಂಬ ಹುಡುಗಿ ಹೆಂಗಸರ ಕೂದಲು ಸುರುಳಿ ಮಾಡುತ್ತಾಳೆ. ತಾವು ಕುರಿ ತೂಗುಹಾಕುತ್ತಿದ್ದ ಕೊಕ್ಕೆಗಳಲ್ಲಿ ಟವೆಲ್ಲುಗಳು ತೂಗುತ್ತವೆ. ಒಳ್ಳೆಯ ಹುಡುಗಿ. ಬಾಗಿಲಿನ ಗುಟ್ಟು ಹೇಳಿದ್ದೇನೆ. ಆದರೆ ಮೊನ್ನೆ ಅವಳು ತಲೆಗೊಂದು ಕ್ಲಿಪ್ಪು ಸಿಕ್ಕಿಸಿ, ಬಾಯಲ್ಲಿ ಎರಡು ಕ್ಲಿಪ್ಪು ಕಚ್ಚಿಕೊಂಡು ನನ್ನ ಅಂಗಡಿಗೆ ಬಂದಳು.

"ಪೆಟ್ರಿ ಅವ್ರೇ, ದಿನಾ ಹತ್ತು ಗಂಟೆಗೆ ಸರಿಯಾಗಿ ಗೋಡೆಗೆ ಅದೇನು ಕುಟ್ತೀರಾ?"

"ನಾನಾ? ಯಾವ ಗೋಡೆಗೆ?"

"ನಮ್ಮಿಬ್ರ ಮಧ್ಯೆ ಇನ್ನೆಷ್ಟು ಗೋಡೆ ಇದೆ? ಇವತ್ತು ಪಾದ್ರಿ ಹೆಂಡ್ತಿ ಬೆಚ್ಚಿಬಿದ್ದು ಅರ್ಧ ಸುರುಳಿ ನೆಟ್ಟಗಾಗೋಯ್ತು."

ಸಮಿತಿಯು ಗೋಡೆಯ ಗಟ್ಟಿತನ ಪರೀಕ್ಷಿಸುತ್ತಿತ್ತು ಎಂದು ವಿವರಿಸಿದೆ. ಇಪ್ಪತ್ತೆರಡು ವರ್ಷ ಹತ್ತು ಗಂಟೆಗೆ ಈ ಕಡೆಯಿಂದ ಸುತ್ತಿಗೆ, ಆ ಕಡೆಯಿಂದ ಕತ್ತಿಯ ಹಿಡಿ, ಅಂದರೆ ಟೀ ಆಯಿತು ಬಾ ಎಂದರ್ಥ ಎನ್ನುವುದು ಆ ಹುಡುಗಿಗೆ ಗೊತ್ತಾಗುವ ಬಗೆಯೇನು? ಅಭ್ಯಾಸಬಲದಿಂದ ಟೀ ಎರಡು ಕಪ್ ಆಗಿತ್ತು. ಸಮಿತಿ ಎರಡನ್ನೂ ಕುಡಿಯಿತು.

ಇನ್ನು ಮುಖ್ಯ ವಿಷಯ. ತಾವು ಒಲ್ಲೆನೆಂದ ಕಾರಣ ಸಮಿತಿಯು ಬೇರೆ ಹ್ಯಾಗಿಸ್‌ಗಳ ರುಚಿ ನೋಡಿತು. ಹೊಳೆಯಾಚೆಯ ಮಾಂಸದಂಗಡಿಯವನದ್ದು ಮೊದಲನೆಯದು. ಅದರಲ್ಲಿ ಮೆಣಸು ಬಾಗಿಲಲ್ಲೇ ನಿಂತು ಬೈಯುತ್ತದೆ, ಒಳಗೆ ಮನೆಯೇ ಇಲ್ಲ. ಎರಡನೆಯದು ಡಬ್ಬಿಯದು. ಹೌದು, ಡಬ್ಬಿ. ಕೀಲಿಕೈಯಿಂದ ತಗಡು ಸುರುಳಿ ಸುತ್ತಿ ತೆರೆಯಬೇಕು, ರೋನಾ ಕೂದಲು ಸುತ್ತಿದ ಹಾಗೆ. ಒಳಗಿದ್ದದ್ದು ಡಬ್ಬಿಯ ಆಕಾರದಲ್ಲೇ ಹೊರಬಂದು ತಟ್ಟೆಯ ಮೇಲೆ ನಿಂತಿತು. ಟರ್ನಿಪ್ ಗೊಜ್ಜು ಒಂದು ಕಡೆ, ಆಲೂಗಡ್ಡೆ ಗೊಜ್ಜು ಒಂದು ಕಡೆ, ಎರಡೂ ಅದನ್ನು ನೋಡಿ ದೂರ ಸರಿದಂತೆ ಕಂಡವು.

ತಾವೇ ಹೇಳುತ್ತಿದ್ದಿರಿ: ಮೊದಲು ಹುರಿದ ಓಟ್ಸಿನ ವಾಸನೆ ಬರಬೇಕು, ಹಿಂದೆಯೇ ಈಲಿಯ ಸಣ್ಣ ಕಹಿ, ಆಮೇಲೆ ಕೊಬ್ಬು ನಾಲಿಗೆಗೆ ಕಂಬಳಿ ಹೊದಿಸಬೇಕು. ತಿಂದವನು ಎಲ್ಲ ಮುಗಿಯಿತೆಂದು ವಿಸ್ಕಿಗೆ ಕೈ ಚಾಚುವಾಗ ಮೆಣಸು ಹಿಂದಿನಿಂದ ಬಂದು ಹೆಗಲ ಮೇಲೆ ಕೈಯಿಡಬೇಕು. ಡಬ್ಬಿಯ ಹ್ಯಾಗಿಸ್ ತಿಂದು ಸಮಿತಿ ಬಹಳ ಹೊತ್ತು ಕಾಯಿತು. ಹೆಗಲ ಮೇಲೆ ಯಾರೂ ಕೈಯಿಡಲಿಲ್ಲ.

ಮರುಪರಿಶೀಲಿಸಲು ಕೋರಿ,
ಲಾಕ್ಲನ್ ಪೆಟ್ರಿ
ಗೌರವ ಕಾರ್ಯದರ್ಶಿ


ಸ್ಟ್ರಾಮ್ನೆಸ್
೩ ನವೆಂಬರ್ ೧೯೫೬

ಕಾರ್ಯದರ್ಶಿಗಳೇ,

ಡಬ್ಬಿಯ ಹ್ಯಾಗಿಸ್ ತಿಂದವರ ಜತೆ ಪತ್ರವ್ಯವಹಾರ ಇಟ್ಟುಕೊಳ್ಳಬಾರದೆಂದು ಮೂರು ವಾರ ಸುಮ್ಮನಿದ್ದೆ. ಆದರೆ ಬರೆಯದಿದ್ದರೆ ನೀವು ಇನ್ನೊಂದು ಡಬ್ಬಿ ತೆರೆದೀರಿ ಎಂಬ ಭಯ.

ಇದು ಒಪ್ಪಿಗೆಯ ಪತ್ರವಲ್ಲ. ಇಲ್ಲಿ ಬಂದರಿನ ಹತ್ತಿರದ ಮಾಂಸದವನು ಕುರಿಯ ಒಳಾಂಗಗಳನ್ನು ಎಸೆಯುತ್ತಾನೆಂದು ತಿಳಿಯಿತು. ಎಸೆಯುತ್ತಾನೆ ಕಣ್ರೀ, ಕಡಲಹಕ್ಕಿಗಳಿಗೆ. ನನಗೆ ಕಡಲಹಕ್ಕಿಗಳ ಮೇಲೆ ದ್ವೇಷವಿಲ್ಲ, ಆದರೂ ಒಳಾಂಗಗಳ ಒಂದು ಜತೆ ತಂದೆ. ಬೆಕ್ಕಿಗೆಂದು. ಥೋರಾ ಚರ್ಚಿಗೆ ಹೋದ ಹೊತ್ತು ನೋಡಿ ಒಲೆ ಹಚ್ಚಿದೆ. ನಿಮಗೆ ಗೊತ್ತಲ್ಲ, ಈಲಿ, ಗುಂಡಿಗೆ, ಶ್ವಾಸಕೋಶ ಎಲ್ಲ ಒಟ್ಟಿಗೇ ಬೇಯಬೇಕು. ಉಸಿರುಗೊಳವೆ ಮಾತ್ರ ಪಾತ್ರೆಯ ಅಂಚಿನಿಂದ ಹೊರಗೆ ಇಳಿಬಿದ್ದಿರಬೇಕು, ಕೆಳಗೊಂದು ಬಟ್ಟಲು. ಚರ್ಚಿನಲ್ಲಿ ಪಾದ್ರಿಗೆ ಗಂಟಲು ಕಟ್ಟಿತ್ತಂತೆ. ಥೋರಾ ಬೇಗ ಬಂದಳು.

"ಏನೋ ಅದು, ಪಾತ್ರೆಯಿಂದ ಹೊರಗೆ ನೇತಾಡ್ತಿರೋದು?"

"ಉಸಿರುಗೊಳವೆ ಅಕ್ಕ."

"ಯಾರ್ದು?"

"ಕುರಿದು. ಬೇಯೋವಾಗ ಒಳಗಿನ ನೊರೆಯೆಲ್ಲ ಅದ್ರ ಮೂಲಕ ಹೊರಗೆ ಬರ್ಬೇಕು."

"ಬರ್ಲಿ ಪಾಪ. ನನ್ನ ಮದುವೆಗೆ ಅತ್ತೆ ಕೊಟ್ಟ ಬಟ್ಟಲಿಗೇ ಬರ್ಬೇಕಾ?"

"ಬೆಕ್ಕಿಗೆ ಮಾಡ್ತಿದೀನಿ."

ಅವಳು ಮೇಜಿನ ಮೇಲೆ ಹುರಿದಿಟ್ಟ ಓಟ್ಸ್ ನೋಡಿದಳು, ಹೆಚ್ಚಿದ ಈರುಳ್ಳಿ ನೋಡಿದಳು. "ಬೆಕ್ಕಿಗೆ ಮೆಣಸು ಯಾಕೋ?" ಎಂದಳು. ಬೆಕ್ಕು ಕೂಡ ನನ್ನನ್ನೇ ನೋಡುತ್ತಿತ್ತು.

ಹೊಟ್ಟೆಚೀಲ ಸಿಗಲಿಲ್ಲವಾದ್ದರಿಂದ ಅದು ಹ್ಯಾಗಿಸ್ ಆಗಲಿಲ್ಲ. ಬರೀ ಬಾಣಲೆಯಲ್ಲಿ ಬಾಡಿಸಿಕೊಂಡು ತಿಂದೆ. ಥೋರಾ ಮುಟ್ಟಲಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಬಾಣಲೆ ತೊಳೆದಂತೆ ಖಾಲಿಯಾಗಿತ್ತು. ಬೆಕ್ಕು ಎಂದಳು. ಬೆಕ್ಕು ರಾತ್ರಿಯಿಡೀ ನನ್ನ ಕಾಲ ಬಳಿ ಮಲಗಿತ್ತು.

ಒಂದು ವೇಳೆ ಯಾರಾದರೂ ಡನ್‌ಬ್ರೇಗೆ ಹ್ಯಾಗಿಸ್ ತರುವುದಾದರೆ, ತರುತ್ತಾರೆಂದಲ್ಲ, ಅವರದೊಂದು ಷರತ್ತು ಇರುತ್ತಿತ್ತು. ಕವಿಯ ಪದ್ಯ ಸಾಕು. ಕಾರ್ಯದರ್ಶಿಯ ಸ್ವಂತ ಪದ್ಯ ಒಂದೂ ಇರಕೂಡದು.

ಇಂತಿ,
ಎ. ಲೀಸ್ಕ್


ಡನ್‌ಬ್ರೇ
೮ ನವೆಂಬರ್ ೧೯೫೬

ಮಾನ್ಯ ಶ್ರೀ ಲೀಸ್ಕ್ ಅವರೇ,

ತಮ್ಮ ಷರತ್ತು ಓದಿ ಸಮಿತಿಗೆ ದುಃಖವಾಯಿತು. ಅದರ ಮೇಲೆ ಸಮಿತಿಗೆ ನೆಗಡಿ ಬೇರೆ. ಬಿಸಿನೀರಿನಲ್ಲಿ ಕಾಲಿಟ್ಟುಕೊಂಡು, ತುರ್ತುಸಭೆ ನಡೆಸಿ, ಹನ್ನೊಂದು ಪದ್ಯಗಳನ್ನು ಐದಕ್ಕೆ ಇಳಿಸಲು ಒಪ್ಪಿದೆ. ಇದಕ್ಕಿಂತ ಕಡಿಮೆ ಮಾಡುವುದು ಸಾಹಿತ್ಯಕ್ಕೆ ಬಗೆಯುವ ದ್ರೋಹ. ನಮೂನೆಗೆ ಒಂದನ್ನು ಕಳಿಸಿದ್ದೇನೆ, ತಾವು ಓದಿ ಕರಗಬಹುದು:

ಕಟ್ಟಿದ ಚೀಲವೇ, ಕುರಿಯ ಕೊನೆಯುಡುಗೊರೆಯೇ,
ಹೊಟ್ಟೆಯಲಿ ಹುಟ್ಟಿ ಹೊಟ್ಟೆಗೇ ಬರುವ ದೊರೆಯೇ,
ತಟ್ಟೆಯಲಿ ಹಬೆಯಾಡಿ ಗೆಡ್ಡೆಗಳ ನಡುವೆ
ಪಟ್ಟದಲಿ ಕೂತ ನಿನಗಾರು ಸರಿದೊರೆಯೇ?

ಎರಡನೆಯ ಅಕ್ಷರದ ಪ್ರಾಸ ಗಮನಿಸಬೇಕು. ಕೊನೆಯ ಪ್ರಾಸವನ್ನೂ ಗಮನಿಸಬೇಕು. ರೋನಾಳಿಗೆ ಓದಿ ಹೇಳಿದೆ. ಅವಳು ಗಿರಾಕಿಯ ತಲೆ ತೊಳೆಯುತ್ತ "ಚೆನ್ನಾಗಿದೆ, ಮುಗೀತಾ?" ಎಂದಳು. ಗಿರಾಕಿ ನೀರೊಳಗಿಂದ ಏನೋ ಹೇಳಿದಳು, ಹೊಗಳಿಕೆಯೇ ಇರಬೇಕು.

ಬೆಕ್ಕಿನ ವಿಷಯ ಓದಿ ಸಮಿತಿ ನಗಾಡಿತು. ಬಹಳ ದಿನಗಳ ಮೇಲೆ. ಅಂಗಡಿಯಲ್ಲಿ ಮೊಳೆ ಕೊಳ್ಳಲು ಬಂದವನೊಬ್ಬ ಹೆದರಿ, ಮೊಳೆ ಬಿಟ್ಟು ಹೋದ.

ವಿಶ್ವಾಸಪೂರ್ವಕ,
ಲಾಕ್ಲನ್ ಪೆಟ್ರಿ
ಗೌರವ ಕಾರ್ಯದರ್ಶಿ


ಸ್ಟ್ರಾಮ್ನೆಸ್
೧೦ ಡಿಸೆಂಬರ್ ೧೯೫೬

ಲಾಕ್ಲನ್ ಅವರೇ,

ತಡವಾಯಿತು. ಅಡುಗೆಮನೆಗೆ ಸುಣ್ಣ ಹೊಡೆಯುತ್ತಿದ್ದೆ. ಯಾಕೆಂದು ಹೇಳುತ್ತೇನೆ.

ಹೊಟ್ಟೆಚೀಲ ಸಿಕ್ಕಿತು. ಉಪ್ಪುನೀರಲ್ಲಿ ನೆನೆಸಿ, ಒಳಗು ಹೊರಗು ಮಾಡಿ ಕೆರೆದು, ಹೂವಿನಷ್ಟು ಬೆಳ್ಳಗೆ ಮಾಡಿದೆ. ತುಂಬುವಾಗ ಥೋರಾ ಬಾಗಿಲಲ್ಲಿ ನಿಂತಿದ್ದಳು. ನೋಡುತ್ತಿಲ್ಲ ಎನ್ನುವಂತೆ ನೋಡುತ್ತಿದ್ದಳು. ನಾನು ಅರ್ಧಕ್ಕಿಂತ ತುಸು ಮೇಲೆ ತುಂಬಿ ನಿಲ್ಲಿಸಿದೆ.

"ಇನ್ನೂ ಜಾಗ ಇದೆಯಲ್ಲೋ, ತುಂಬು."

"ಓಟ್ಸ್ ಉಬ್ಬುತ್ತೆ ಅಕ್ಕ. ಅದಕ್ಕೆ ಉಸಿರಾಡೋಕೆ ಜಾಗ ಬೇಕು."

"ಅಲ್ಲಿ ಡನ್‌ಬ್ರೇಲಿ ಇಟ್ಟಿಗೆ ಮಾಡ್ದೆ ಅಂತಿದ್ರಲ್ಲ, ಅದು ನೀನೇನಾ?"

ಅಂದರೆ ಮೇಜಿನ ಕಾಲಡಿ ಇಟ್ಟ ನಿಮ್ಮ ಪತ್ರವನ್ನು ಅವಳು ತೆಗೆದು ಓದಿದ್ದಾಳೆ. ನನಗೆ ರೇಗಿತು. ರೇಗಿದವನು ಸುಮ್ಮನೆ ಅವಳ ಕೈಗೆ ಸೂಜಿದಾರ ಕೊಟ್ಟೆ. ಥೋರಾ ಚರ್ಚಿನ ಮೇಜುವಸ್ತ್ರ ಹೊಲಿಯುವವಳು. ಅವಳು ಹಾಕಿದ ಹೊಲಿಗೆಯಲ್ಲಿ ಗಾಳಿಯೂ ನುಸುಳಲಾರದು. ಅಷ್ಟು ಚೆಂದದ ಹೊಲಿಗೆಯ ಪಕ್ಕದಲ್ಲಿ ದಬ್ಬಳ ಚುಚ್ಚಿ ಹಬೆಗೆ ತೂತು ಮಾಡಲು ನನಗೆ ಮನಸ್ಸು ಬರಲಿಲ್ಲ. ಬೆಂದ ಮೇಲೆ ಚುಚ್ಚಿದರಾಯಿತು ಎಂದುಕೊಂಡೆ. ಮೂವತ್ತು ವರ್ಷದ ಕಸುಬುದಾರ ಹೀಗೆ ಯೋಚಿಸಬಹುದೇ ಎಂದು ಕೇಳಬೇಡಿ.

ಒಲೆಯ ಮೇಲೆ ಚೀಲ ಸಿಡಿದಾಗ ಪಾತ್ರೆಯ ಮುಚ್ಚಳ ಮೊದಲು ಹೋಯಿತು. ಅದು ಚಾವಣಿಗೆ ಬಡಿದ ಸದ್ದಿಗೆ ಬೆಕ್ಕು ಮನೆ ಬಿಟ್ಟದ್ದು ಎರಡು ದಿನ ಬರಲಿಲ್ಲ. ಓಟ್ಸ್ ಗೋಡೆಗೆ, ಗಡಿಯಾರಕ್ಕೆ, ಸತ್ತ ಭಾವನ ಫೋಟೋಗೆ. ಭಾವನಿಗೆ ಹೊಸ ಹುಬ್ಬು ಮೂಡಿತ್ತು. ಥೋರಾ ಒಲೆಯ ಮುಂದೆಯೇ ನಿಂತಿದ್ದಳು. ನಾನು ಕಣ್ಣು ಮುಚ್ಚಿಕೊಂಡು ಬೈಗುಳಕ್ಕೆ ಕಾದೆ. ಬರಲಿಲ್ಲ. ಕಣ್ಣು ಬಿಟ್ಟರೆ ಅವಳು ತನ್ನ ತೋಳಿನ ಮೇಲೆ ಬಿದ್ದಿದ್ದನ್ನು ಬೆರಳಿಂದ ತೆಗೆದು ಬಾಯಿಗಿಟ್ಟುಕೊಳ್ಳುತ್ತಿದ್ದಳು.

"ಉಪ್ಪು ಕಮ್ಮಿ," ಎಂದಳು.

ಆಮೇಲೆ ಮೂರು ಹ್ಯಾಗಿಸ್ ಮಾಡಿದ್ದೇವೆ. ಮೊದಲೇ ಚುಚ್ಚಿ. ಬಂದರಿನವರಿಗೆ ಹಂಚಿದೆವು. ಒಬ್ಬ ಮೀನುಗಾರ ತಿಂದು ತಟ್ಟೆ ಒರೆಸಿಟ್ಟು, ಎದ್ದು ಹೋಗುವಾಗ "ನಮ್ಮಜ್ಜಿ ನೆನಪಾದ್ಲು ಮಾರಾಯ" ಎಂದ. ಇನ್ನೊಬ್ಬನ ಹೆಂಡತಿ ಪಾತ್ರೆ ಹಿಡಿದುಕೊಂಡೇ ಬಂದಳು. ಕುರಿಯ ತೊಡೆ, ಸೊಂಟವೆಲ್ಲ ಉಳ್ಳವರ ಮನೆಗೆ ಹೋದ ಮೇಲೆ ಉಳಿದದ್ದಕ್ಕೆ ಹೀಗೆ ಜನ ಬಾಗಿಲು ಬಡಿಯುವುದನ್ನು ನೋಡಿದರೆ, ಏನು ಹೇಳಲಿ, ಮಂಡಿನೋವು ಮರೆಯುತ್ತದೆ.

ಆದ್ದರಿಂದ ಬರುತ್ತೇನೆ. ನಿಮ್ಮ ಪದ್ಯ ಒಂದು. ನಾಲ್ಕು ಸಾಲು. ಐದನೆಯ ಸಾಲು ಶುರುವಾದರೆ ತಟ್ಟೆ ಎತ್ತಿಕೊಂಡು ವಾಪಸ್ ಹೋಗುತ್ತೇನೆ, ವಾಟಿ ಪೈಪ್ ಊದಿಕೊಂಡು ನನ್ನ ಹಿಂದೆಯೇ ಬರಲಿ.

ಒಂದು ಅನುಮಾನ. ನಿಮ್ಮ ಸಮಿತಿ ಸೆಪ್ಟೆಂಬರಿನಲ್ಲಿ ನಿರ್ಣಯ ಮಾಡುತ್ತಿತ್ತು. ಅಕ್ಟೋಬರಿನಲ್ಲಿ ಎರಡು ಕಪ್ ಟೀ ಕುಡಿಯಿತು. ನವೆಂಬರಿನಲ್ಲಿ ಬಿಸಿನೀರಲ್ಲಿ ಕಾಲಿಟ್ಟುಕೊಂಡಿತು. ಸಮಿತಿಯ ಏಳೂ ಜನರ ಮೂಗು ಒಂದೇ ದಿನ ಸೋರುವುದನ್ನು ನಾನು ಕಂಡಿಲ್ಲ. ಊಟ ಎಲ್ಲಿ, ಎಷ್ಟು ಜನ, ಬರೆಯಿರಿ. ಅದರ ಮೇಲೆ ಹೊಟ್ಟೆಚೀಲ ಹುಡುಕಬೇಕು.

ಇಂತಿ,
ಎರ್ಲೆಂಡ್


ಡನ್‌ಬ್ರೇ
೨೦ ಡಿಸೆಂಬರ್ ೧೯೫೬

ಪ್ರಿಯ ಶ್ರೀ ಲೀಸ್ಕ್ ಅವರೇ,

ಒಂದು ಪದ್ಯ. ನಾಲ್ಕು ಸಾಲು. ಒಪ್ಪಿದೆ. ತಾವು ಬರುತ್ತೀರೆಂದು ಓದಿದಾಗ ಸಮಿತಿ ಅಂಗಡಿಯಿಂದ ಹೊರಗೆ ಹೋಗಿ ಬೀದಿಯಲ್ಲಿ ಒಂದು ಸುತ್ತು ಹಾಕಿ ಬಂತು. ಮಳೆ ಬರುತ್ತಿತ್ತು, ಗೊತ್ತಾಗಲಿಲ್ಲ.

ಜನ ನಲವತ್ತು. ಪ್ರತಿವರ್ಷದಂತೆ. ವಾಟಿ ಅಂದು ರಾತ್ರಿ ಪೈಪ್ ಊದುವುದು ಖಚಿತ, ಅವನೇ ಹೇಳಿದ. ಟರ್ನಿಪ್ ಆಲೂಗಡ್ಡೆ ಇಲ್ಲಿಯೇ ಬೇಯುತ್ತವೆ. ಚೂರಿ ಮಸೆದಿಟ್ಟಿದ್ದೇನೆ.

ಥೋರಾ ಅವರಿಗೆ ವಂದನೆಗಳು. ಉಪ್ಪಿನ ವಿಷಯದಲ್ಲಿ ಅವರು ಹೇಳಿದ್ದು ಸರಿ, ಇಪ್ಪತ್ತೆರಡು ವರ್ಷದಿಂದ ನಾನೂ ಅದನ್ನೇ ಹೇಳುತ್ತ ಬಂದಿದ್ದೆ.

ಹೊಸ ವರ್ಷದ ಶುಭಾಶಯಗಳೊಂದಿಗೆ,
ಲಾಕ್ಲನ್ ಪೆಟ್ರಿ
ಗೌರವ ಕಾರ್ಯದರ್ಶಿ


ಸ್ಟ್ರಾಮ್ನೆಸ್
೧೪ ಜನವರಿ ೧೯೫೭

ಲಾಕ್ಲನ್,

ನಲವತ್ತು ಎಂದರೆ ಒಂದು ದೊಡ್ಡದು, ಮೂರು ಸಣ್ಣವು. ದೊಡ್ಡದನ್ನು ನೋಡಬೇಕು ನೀನು. ಥೋರಾ ಅದನ್ನು ಎತ್ತಿ ಮಡಿಲಲ್ಲಿಟ್ಟುಕೊಂಡು "ನಮ್ಮ ತಮ್ಮ ಹುಟ್ಟಿದಾಗ ಇಷ್ಟೇ ಇದ್ದ, ಇದಕ್ಕಿಂತ ಜಾಸ್ತಿ ಅಳ್ತಿದ್ದ" ಎಂದಳು. ತಮ್ಮ ಅಂದರೆ ನಾನು.

ಅವಳು ತನ್ನ ಟೋಪಿಯ ಡಬ್ಬ ಖಾಲಿ ಮಾಡಿ ಕೊಟ್ಟಿದ್ದಾಳೆ, ಒಳಗೆ ಹುಲ್ಲು ಹಾಸಿ. ಟೋಪಿ ಎಲ್ಲಿಡ್ತೀಯ ಅಕ್ಕ ಎಂದರೆ, "ತಲೆ ಮೇಲೆ ಕಣೋ, ಅದಕ್ಕೇ ತಾನೇ ಮಾಡಿರೋದು" ಎನ್ನುತ್ತಾಳೆ. ಬಂದರಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ: ನನ್ನ ತಮ್ಮನನ್ನ ಡನ್‌ಬ್ರೇಯವರು ಕರೆಸ್ಕೊಳ್ತಿದಾರೆ, ನಲವತ್ತು ಜನ ಎದ್ದು ನಿಂತು ಚಪ್ಪಾಳೆ ತಟ್ತಾರಂತೆ. ನಿನ್ನೆ ಒಬ್ಬ ನನಗೆ ಟೋಪಿ ಎತ್ತಿ ನಮಸ್ಕಾರ ಮಾಡಿದ. ಮೀನು ಮಾರುವವನು. ನನಗೆ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ.

ಬುಧವಾರ, ಇಪ್ಪತ್ತಮೂರಕ್ಕೆ, ಬೆಳಗಿನ ಹಡಗು. ಆಮೇಲೆ ರೈಲು. ಗುರುವಾರ ಸಂಜೆ ಬಸ್ಸಿನಲ್ಲಿ ಡನ್‌ಬ್ರೇ. ಹಡಗಿನಲ್ಲಿ ಡಬ್ಬವನ್ನು ತೊಡೆಯ ಮೇಲೇ ಇಟ್ಟುಕೊಳ್ಳುತ್ತೇನೆ.

ಒಂದು ಮಾತು ಬರೆಯಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಹೋದ ವರ್ಷ ಅವರು ನಕ್ಕರಲ್ಲ, ಅದು ಕಿವಿಯಿಂದ ಹೋಗಿಲ್ಲ. ಮಂಡಿನೋವು ಇದ್ದದ್ದು ನಿಜ, ಆದರೆ ಮಂಡಿ ನೋಯುತ್ತಲೇ ಇನ್ನೂ ಹತ್ತು ವರ್ಷ ಅಂಗಡಿ ನಡೆಸಬಹುದಿತ್ತು. ಅದೇ ನಲವತ್ತು ಜನರ ಮುಂದೆ ಒಂದೇ ಒಂದು ಸಲ ಹಬೆ ಏಳಲಿ. ಅಷ್ಟು ಸಾಕು. ಆಮೇಲೆ ನೀನು ಬೇಕಾದರೆ ಇನ್ನೊಂದು ಪದ್ಯ ಹೇಳು, ನಾನು ಕೇಳಿಸಿಕೊಳ್ಳುತ್ತೇನೆ. ಒಂದೇ.

ಊಟ ಎಲ್ಲಿ ಎಂದು ಕೇಳಿದ್ದಕ್ಕೆ ನೀನು ಉತ್ತ­ರ ಕೊಟ್ಟಿಲ್ಲ. ಎಂದಿನ ಹಾಗೆ ಊರ ಹಾಲ್ ಎಂದುಕೊಳ್ಳುತ್ತೇನೆ.

ನಿನ್ನ,
ಎರ್ಲೆಂಡ್


ಡನ್‌ಬ್ರೇ
೧೭ ಜನವರಿ ೧೯೫೭

ಮಾನ್ಯ ಶ್ರೀ ಎರ್ಲೆಂಡ್ ಲೀಸ್ಕ್ ಅವರಿಗೆ,

ತಮ್ಮ ಪ್ರಯಾಣದ ವಿವರಗಳನ್ನು ಸಮಿತಿಯು ಹರ್ಷದಿಂದ ಗಮನಿಸಿದೆ. ಬಸ್ ನಿಲ್ದಾಣದಲ್ಲಿ ತಮ್ಮನ್ನು ಸ್ವಾಗತಿಸಲು ಕಾರ್ಯದರ್ಶಿಯು ಖುದ್ದಾಗಿ ಹಾಜರಿರುತ್ತಾರೆ. ಮೆರವಣಿಗೆಯ ಕ್ರಮದ ಬಗ್ಗೆ ಸಮಿತಿಯು ಸರ್ವಾನುಮತದಿಂದ

ಎರ್ಲೆಂಡ್, ಹಡಗು ಹತ್ತುವ ಮೊದಲು ಇದನ್ನು ಓದು. ಅದಕ್ಕೆಂದೇ ಇವತ್ತೇ ಅಂಚೆಗೆ ಹಾಕುತ್ತಿದ್ದೇನೆ.

ಊರ ಹಾಲ್‌ನಲ್ಲಿ ಊಟ ಇಲ್ಲ. ಆಗಸ್ಟ್‌ನಲ್ಲೇ ಎಲ್ಲ ಸೇರಿ ತೀರ್ಮಾನ ಮಾಡಿದರು, ಈ ವರ್ಷದಿಂದ ಹೆದ್ದಾರಿ ಪಕ್ಕದ ಹೊಸ ಹೋಟೆಲ್ಲಿನಲ್ಲಿ. ಹ್ಯಾಗಿಸ್ ಡಬ್ಬಿಯದು. ನಾನು ರುಚಿ ನೋಡಿದ್ದು ಅದನ್ನೇ, ಅವರು ನಮೂನೆಗೆ ಹಂಚಿದ್ದರು. ಒಬ್ಬ ಹೇಳಿದ, "ಇದಾದ್ರೆ ಗ್ಯಾರಂಟಿ ಪೆಟ್ರಿ ಅವ್ರೇ, ಯಾವ ಡಬ್ಬಿ ತೆಗೆದ್ರೂ ಒಂದೇ ಥರ ಇರುತ್ತೆ." ನಾನು ಹೇಳಿದೆ, "ಹಾಗಾದ್ರೆ ಯಾವುದನ್ನ ತೆಗೆಯದಿದ್ರೂ ಒಂದೇ." ಅಲ್ಲಿಂದ ಎದ್ದು ಬಂದೆ. ಕಾರ್ಯದರ್ಶಿ ಕೆಲಸ ಅಂದೇ ಹೋಯಿತು. ವಾಟಿ ಊದುವುದು ನಿಜ, ಹೋಟೆಲ್ಲಿನಲ್ಲಿ. ಪಾಪ, ಅವನಿಗೂ ನಾಲ್ಕು ಮಕ್ಕಳು.

ಸಮಿತಿಯ ಹೆಸರಲ್ಲಿ ನಿನಗೆ ಬರೆದದ್ದು ಯಾಕೆಂದರೆ, ಸುಮ್ಮನೆ 'ಹೇಗಿದ್ದೀಯ ಎರ್ಲೆಂಡ್' ಎಂದು ಬರೆಯಲು ಬೇಸಿಗೆಯೆಲ್ಲ ಕೂತೆ, ಕೈ ಏಳಲಿಲ್ಲ. ಸಮಿತಿಗಾದರೆ ನಾಚಿಕೆ ಇರುವುದಿಲ್ಲ. ಮೊದಲ ಪತ್ರಕ್ಕೆ ನೀನು ಬೈದು ಬರೆದೆಯಲ್ಲ, ಅವತ್ತು ರೋನಾಳಿಗೂ ಓದಿ ಹೇಳಿದೆ. "ಬೈಗುಳ ಬಂದಿದ್ದಕ್ಕೆ ಇಷ್ಟು ಖುಷಿನಾ?" ಎಂದಳು. ಅಲ್ಲಿಂದ ಮುಂದೆ ನಿಲ್ಲಿಸುವುದು ನನ್ನಿಂದ ಆಗಲಿಲ್ಲ. ನೀನು ಎಷ್ಟು ಜನ ಎಂದು ಕೇಳಿದಾಗ ಪೆನ್ನು ತಾನಾಗಿಯೇ ನಲವತ್ತು ಎಂದಿತು. ನೀನು ಟೋಪಿಯ ಡಬ್ಬದ ವಿಷಯ ಬರೆಯುವ ತನಕ ಅದು ಸುಳ್ಳೆಂದು ನನಗೂ ಅನ್ನಿಸಿರಲಿಲ್ಲ.

ನಿನ್ನ ಓಟ್ಸ್ ಜಾಸ್ತಿಯೇ ಆಗಿತ್ತು, ಅದರಲ್ಲಿ ನಾನು ಬದಲಾಗಿಲ್ಲ. ಥೋರಾ ಅವರಿಗೆ ಏನು ಹೇಳುತ್ತೀಯೋ ನನಗೆ ತಿಳಿಯದು. ನೀನು ಬರದಿದ್ದರೂ ನಾನು ಆಡಿಕೊಳ್ಳುವುದಿಲ್ಲ.

ನಲವತ್ತು ಜನ ಇಲ್ಲ ಎರ್ಲೆಂಡ್. ನಾನೊಬ್ಬನೇ ಇರುವುದು. ನನಗೆ ಹಸಿವಾಗಿದೆ.

ಲಾಕ್ಲನ್